ವಾರಕ್ಕೊಂದು ಮಾತ್ರೆ

ವೈದ್ಯರ ಕೈಬರಹವನ್ನು ಕುರಿತು ನಗೆಯಾಡುವುದು ನಮ್ಮಲ್ಲಿ ಬಹಳ ಹಿಂದಿನಿಂದಲೂ ನಡೆದುಬಂದಿದೆ. ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಅಕ್ಷರ ಕೆಟ್ಟ ಹುಡುಗರಿಗೆ "ನೀನು ಡಾಕ್ಟರಾಗೋದೇ ಸರಿ ಬಿಡು" ಎಂದು ಹೇಳುವ ಸಹೋದ್ಯೋಗಿಗಳಿದ್ದರು. (ಹಾಗೆ ಹೇಳಿಸಿಕೊಂಡವರಲ್ಲಿ ಇಬ್ಬರು ನಿಜವಾಗಿಯೂ ವೈದ್ಯರಾಗಿದ್ದಾರೆ. ಈ ಬರಹವನ್ನು ಅವರೂ ಓದುತ್ತಾರೆಂದು ಬಲ್ಲೆ. ಅವರ ಅಕ್ಷರ ಇಂದಿಗೂ ಸುಧಾರಿಸಿಲ್ಲ.) 2016ರಲ್ಲಿ ಅಂದಿನ ಭಾರತೀಯ ವೈದ್ಯಕೀಯ ಮಂಡಳಿಯು ತನ್ನ ನಿಯಮವನ್ನು ತಿದ್ದಿ, ಔಷಧಗಳ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಬರೆಯಬೇಕೆಂದು ವೈದ್ಯರಿಗೆ ಸೂಚಿಸಿತು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಚೀಟಿ ಕಂಪ್ಯೂಟರಿನಿಂದ ಅಚ್ಚಾಗಿಯೇ ಬರುತ್ತದೆ. ಅಲ್ಲಿಗೆ ತಪ್ಪುಗಳೆಲ್ಲ ಮುಗಿದವೆಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಓದಲಾಗದ ಅಕ್ಷರ ಎದುರಿಗೆ ಬಂದರೆ ಅಂಗಡಿಯವನು ಒಂದು ಕ್ಷಣ ನಿಂತು ಕೇಳಿಯಾನು. ಅಂದವಾಗಿ ಅಚ್ಚಾದ ತಪ್ಪನ್ನು ಯಾರೂ ಕೇಳುವುದಿಲ್ಲ.

ಆಸ್ಪತ್ರೆಯಲ್ಲಿ ಒಂದು ಮಾತ್ರೆ ರೋಗಿಯ ಬಾಯಿಗೆ ಬೀಳುವ ಮೊದಲು ಎಷ್ಟು ಕೈಗಳನ್ನು ದಾಟುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ವೈದ್ಯರು ಬರೆಯುತ್ತಾರೆ. ಬರೆದುದನ್ನು ಮತ್ತೊಬ್ಬರು ಔಷಧದ ಪಟ್ಟಿಗೆ ಇಳಿಸುತ್ತಾರೆ. ಔಷಧಾಲಯದವರು ತೆಗೆದುಕೊಡುತ್ತಾರೆ. ದಾದಿ ಕೊಡುತ್ತಾಳೆ. ಕೊಟ್ಟ ಮೇಲೆ ಏನಾಯಿತೆಂದು ನೋಡುವವರು ಇನ್ನೊಬ್ಬರು. ಎಲ್ಲಿ ಬೇಕಾದರೂ ಎಡವಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧದಿಂದ ಹಾನಿಯಾಗದಂತೆ ತಡೆಯುವ ಜಾಗತಿಕ ಆಂದೋಲನವೊಂದನ್ನು ಆರಂಭಿಸಿದಾಗ, ಇಂತಹ ತಪ್ಪುಗಳಿಂದ ಜಗತ್ತಿಗಾಗುವ ನಷ್ಟ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ಎಂದು ಅಂದಾಜು ಮಾಡಿತ್ತು. 2022ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನಕ್ಕೂ ಔಷಧ ಸುರಕ್ಷತೆಯನ್ನೇ ವಿಷಯವನ್ನಾಗಿ ಆರಿಸಿಕೊಂಡಿತ್ತು.

ಗಣಿತ ಕಲಿಸಿದವನಾದುದರಿಂದ ನನ್ನ ಕಣ್ಣು ಮೊದಲು ಅಂಕಿಗಳ ಮೇಲೆ ಬೀಳುತ್ತದೆ. ಅರ್ಧವನ್ನು ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆ ಇಡಲೇಬೇಕೆಂದು, ಇಡದಿದ್ದರೆ ಬಿಂದು ಕಣ್ತಪ್ಪಿ ಅರ್ಧವು ಐದಾಗುತ್ತದೆಂದು ಏಳನೆಯ ತರಗತಿಯಲ್ಲಿ ಹೇಳಿ ಹೇಳಿ ನನಗೆ ಸಾಕಾಗಿತ್ತು. ನಿಮಗೂ ಕೇಳಿ ಸಾಕಾಗಿತ್ತೆಂದು ತೋರುತ್ತದೆ. ಔಷಧ ಬರೆಯುವವರಿಗೂ ಇದೇ ನಿಯಮವಿದೆ. ಜೊತೆಗೆ ಇನ್ನೊಂದುಂಟು: ಐದನ್ನು 5.0 ಎಂದು ಬರೆಯಬಾರದು, ಬಿಂದು ಮಸುಕಾದರೆ ಅದು ಐವತ್ತು. 2007ರ ನವೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ಡೆನಿಸ್ ಕ್ವೈಡ್ ಎಂಬ ಚಲನಚಿತ್ರ ನಟನ ಅವಳಿ ಹಸುಳೆಗಳಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧವನ್ನು ಮಿಲಿಲೀಟರಿಗೆ 10 ಯೂನಿಟ್ ಇರುವ ಸೀಸೆಯ ಬದಲು 10,000 ಯೂನಿಟ್ ಇರುವ ಸೀಸೆಯಿಂದ ಕೊಟ್ಟರು. ಸಾವಿರ ಪಟ್ಟು! ಎರಡೂ ಸೀಸೆಗಳ ಚೀಟಿ ನೀಲಿ ಬಣ್ಣದವೇ ಆಗಿದ್ದವು. ಮಕ್ಕಳು ಬದುಕಿದರು. ಅದಕ್ಕೆ ಹಿಂದಿನ ವರ್ಷ ಇಂಡಿಯಾನಾಪೊಲಿಸ್ ನಗರದಲ್ಲಿ ಅದೇ ಔಷಧದಲ್ಲಿ ಅಂತಹುದೇ ತಪ್ಪು ನಡೆದು ಮೂರು ಶಿಶುಗಳು ತೀರಿಕೊಂಡಿದ್ದವು.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಬಂಧುವರ್ಗದಲ್ಲೇ ಇನ್ಸುಲಿನ್ ತೆಗೆದುಕೊಳ್ಳುವವರು ಏಳೆಂಟು ಮಂದಿ ಇದ್ದಾರೆ. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ ಇರುವ ಸೀಸೆಯಲ್ಲೂ ಸಿಗುತ್ತದೆ, 100 ಯೂನಿಟ್ ಇರುವ ರೂಪದಲ್ಲೂ ಸಿಗುತ್ತದೆ. ಸಿರಿಂಜುಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಯೂನಿಟ್. ಅದಲುಬದಲಾದರೆ ಹೋಗುವುದು ಬರಿಯ 8. ಬೇಕಾದರೆ ಲೆಕ್ಕ ಮಾಡಿ ನೋಡಿ, ತ್ರೈರಾಶಿ ಮರೆತಿರಲಾರಿರಿ.

ಅಂಕಿಗಳಂತೆಯೇ ಹೆಸರುಗಳೂ ಮೋಸಮಾಡುತ್ತವೆ. ಭಾರತದ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಕ್ಯಾಡಿಲಾ ಎಂಬ ಹೆಸರನ್ನು ಹಂಚಿಕೊಂಡಿದ್ದ ಎರಡು ಕಂಪೆನಿಗಳ ನಡುವಿನ ಮೊಕದ್ದಮೆಯಲ್ಲಿ ಈ ವಿಷಯವನ್ನು ಎತ್ತಿ ಹೇಳಿತು. ಫಾಲ್ಸಿಗೋ, ಫಾಲ್ಸಿಟ್ಯಾಬ್ ಎಂಬ ಎರಡು ಮಲೇರಿಯಾ ಔಷಧಗಳ ಹೆಸರಿನ ಜಗಳವದು. ಬೇರೆ ಸರಕಿನ ಹೆಸರು ಗೊಂದಲವಾದರೆ ಕೊಳ್ಳುವವನಿಗೆ ತೊಂದರೆಯಷ್ಟೆ, ಔಷಧದ ಹೆಸರು ಗೊಂದಲವಾದರೆ ಪ್ರಾಣಕ್ಕೇ ಅಪಾಯ, ಆದುದರಿಂದ ಇಲ್ಲಿ ಹೆಚ್ಚು ಕಟ್ಟುನಿಟ್ಟಿನ ಒರೆಗಲ್ಲು ಬೇಕೆಂಬುದು ತೀರ್ಪಿನ ಅಭಿಪ್ರಾಯ. ಡೋಪಮಿನ್, ಡೊಬ್ಯುಟಮಿನ್ ಎಂಬಂತಹ ಹೆಸರುಗಳಲ್ಲಿ ಭಿನ್ನವಾದ ಭಾಗವನ್ನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚುಮಾಡುವ ಉಪಾಯ ಇಂಗ್ಲಿಷಿನಲ್ಲಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳೇ ಇಲ್ಲ. ಅದೊಂದು ಸೊಗಸೆಂದು ಮಕ್ಕಳಿಗೆ ಹೇಳುತ್ತಿದ್ದೆ, ಇಲ್ಲಿ ಮಾತ್ರ ಕೊರತೆಯಾಗಿ ಕಾಣುತ್ತದೆ. ರೋಗಿಗಳ ಹೆಸರೂ ಹಾಗೆಯೇ. ನನ್ನ ಹಾಜರಿ ಪುಸ್ತಕದಲ್ಲಿ ಒಂದು ವರ್ಷ ನಾಲ್ವರು ಮಂಜುನಾಥರಿದ್ದರು. ಹೆಸರು ಕೂಗಿದರೆ ನಾಲ್ಕು ಕಡೆಯಿಂದ "ಎಸ್ ಸಾರ್" ಬರುತ್ತಿತ್ತು. ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮನವರಿದ್ದು, ಕಿವಿ ಮಂದವಾದವರ ಬಳಿ ಬಂದು "ಲಕ್ಷ್ಮಮ್ಮ ಅಲ್ವಾ?" ಎಂದರೆ ಅವರು ತಲೆಯಾಡಿಸಿಯೇ ಆಡಿಸುತ್ತಾರೆ. "ನಿಮ್ಮ ಹೆಸರೇನಮ್ಮ?" ಎಂದು ಅವರ ಬಾಯಿಂದಲೇ ಹೇಳಿಸಬೇಕು, ಕೈಪಟ್ಟಿಯ ಸಂಖ್ಯೆಯನ್ನೂ ನೋಡಬೇಕು. ಒಳ್ಳೆಯ ಆಸ್ಪತ್ರೆಗಳಲ್ಲಿ ಇದು ಕಡ್ಡಾಯ.

ಇಷ್ಟನ್ನೆಲ್ಲ ನಾನು ಓದತೊಡಗಿದುದಕ್ಕೆ ಕಾರಣ ನನ್ನ ಅಕ್ಕ. ಬಂಧುಗಳಲ್ಲಿ ಕೆಲವರಿಗೆ ಅರ್ಧ ಕಥೆ ಗೊತ್ತಿದೆ. ಪೂರ್ತಿ ಗೊತ್ತಿರುವವರು ಕಡಿಮೆ.

ಅಕ್ಕನಿಗೆ ಬಹುಕಾಲದಿಂದ ರುಮಟಾಯ್ಡ್ ಸಂಧಿವಾತ. ಅದಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಇದನ್ನು ದೊಡ್ಡ ಪ್ರಮಾಣದಲ್ಲಿ ಕ್ಯಾನ್ಸರಿಗೂ, ಸಣ್ಣ ಪ್ರಮಾಣದಲ್ಲಿ ಸಂಧಿವಾತಕ್ಕೂ ಕೊಡುತ್ತಾರೆ. ಸಂಧಿವಾತಕ್ಕಾದರೆ ವಾರಕ್ಕೆ ಒಂದೇ ದಿನ. ದಿನವೂ ತೆಗೆದುಕೊಂಡರೆ ಬಾಯಿ ಹುಣ್ಣಾಗುತ್ತದೆ, ಮೂಳೆಯ ಮಜ್ಜೆ ರಕ್ತಕಣಗಳನ್ನು ಉತ್ಪಾದಿಸುವುದನ್ನು ನಿಲ್ಲಿಸುತ್ತದೆ, ಸಾವೂ ಬರಬಹುದು. ಅಕ್ಕ ಅದನ್ನು ಹೆಸರಿನಿಂದ ಕರೆದವಳೇ ಅಲ್ಲ. ಅವಳ ಪಾಲಿಗೆ ಅದು "ಭಾನುವಾರದ ಮಾತ್ರೆ." ಭಾನುವಾರ ಸ್ನಾನ, ಪೂಜೆ ಮುಗಿಸಿ, ತಿಂಡಿಯಾದ ಮೇಲೆ ಅದನ್ನು ನುಂಗುವುದು ಅವಳ ವ್ರತ.

2018ರಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಒಂದು ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆಗೆ ಮಂಗಳವಾರ ರಾತ್ರಿ ಸೇರಿಸಿದೆವು. ಮನೆಯಿಂದ ತಂದ ಹಳೆಯ ಚೀಟಿಯನ್ನು ನೋಡಿ ರಾತ್ರಿಪಾಳಿಯ ಕಿರಿಯ ವೈದ್ಯರು ಔಷಧಗಳ ಪಟ್ಟಿಯನ್ನು ಬರೆದುಕೊಂಡರು. ವಾರಕ್ಕೊಮ್ಮೆ ಎಂಬುದನ್ನು ಸೂಚಿಸುವ ಎರಡಕ್ಷರದ ಸಂಕ್ಷೇಪವು ಅಲ್ಲಿ ದಿನಕ್ಕೊಮ್ಮೆ ಎಂಬುದರ ಎರಡಕ್ಷರದ ಸಂಕ್ಷೇಪವಾಯಿತು. ಗುರುವಾರ ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆಯಿತು. ಶುಕ್ರವಾರ ಬೆಳಗಿನಿಂದ ಮಾತ್ರೆಗಳು ಶುರುವಾದವು.

ಬೆಳಗಿನ ಹೊತ್ತು ಅಕ್ಕನ ಸೊಸೆ ಜೊತೆಗಿರುತ್ತಿದ್ದಳು, ನಾನು ಸಂಜೆ ಹೋಗುತ್ತಿದ್ದೆ. ಅವಳು ಆಮೇಲೆ ಹೇಳಿದ ಸಂಗತಿಯಿದು. ಶುಕ್ರವಾರ ಮಾತ್ರೆ ಕೊಡಲು ಬಂದ ದಾದಿಯನ್ನು ಅಕ್ಕ, "ಇವತ್ತು ಭಾನುವಾರವೇನಮ್ಮಾ?" ಎಂದು ಕೇಳಿದಳಂತೆ. "ಅಲ್ಲ ಅಜ್ಜಿ, ಶುಕ್ರವಾರ" ಎಂದು ಆಕೆ ನಗುತ್ತಾ ಹೇಳಿ ಮಾತ್ರೆ ನುಂಗಿಸಿದಳು. ಶನಿವಾರವೂ ಅದೇ ಪ್ರಶ್ನೆ, ಸೋಮವಾರವೂ ಅದೇ ಪ್ರಶ್ನೆ. ಮಂಗಳವಾರ ಕೇಸ್ ಶೀಟಿನಲ್ಲಿ, ರೋಗಿಗೆ ದಿನ, ವಾರಗಳ ಪರಿವೆಯಿಲ್ಲ, ಗೊಂದಲದಲ್ಲಿದ್ದಾರೆ ಎಂಬ ಅರ್ಥದ ಟಿಪ್ಪಣಿಯೊಂದು ಸೇರಿತ್ತು. ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆಯ ಅನಂತರ ಹೀಗಾಗುವುದುಂಟು, ಆದುದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಇಡೀ ವಾರ್ಡಿನಲ್ಲಿ ಆ ಔಷಧದ ವಿಷಯದಲ್ಲಿ ಗೊಂದಲವಿಲ್ಲದೆ ಇದ್ದವಳು ಅವಳೊಬ್ಬಳೇ.

ಸೋಮವಾರವೇ ಬಾಯಲ್ಲಿ ಹುಣ್ಣು ಕಾಣಿಸಿಕೊಂಡಿತ್ತು. ಮಂಗಳವಾರ ಫಾರ್ಮ್-ಡಿ ಓದುತ್ತಿದ್ದ ಹುಡುಗಿಯೊಬ್ಬಳು ತರಬೇತಿಗೆಂದು ಬಂದವಳು ಎಲ್ಲರ ಔಷಧ ಪಟ್ಟಿಯನ್ನು ನೋಡುತ್ತಾ ಅಕ್ಕನ ಹಾಸಿಗೆಯ ಬಳಿ ನಿಂತಳು. "ಅಕ್ಕಾ, ಅಜ್ಜಿ ಈ ಮಾತ್ರೇನ ಮನೇಲಿ ದಿನಾ ತಗೋತಿದ್ರಾ?" ಎಂದು ಸೊಸೆಯನ್ನು ಕೇಳಿದಳು. ಸೊಸೆ ಬಾಯಿ ತೆರೆಯುವ ಮೊದಲೇ ಅಕ್ಕ, ಹುಣ್ಣಾದ ಬಾಯಿಂದಲೇ, "ಅದು ಭಾನುವಾರದ್ದು ಕಣಮ್ಮಾ, ಯಾರೂ ಕೇಳೋದೇ ಇಲ್ಲ" ಎಂದಳಂತೆ. ಆ ಹುಡುಗಿ ಓಡಿಹೋಗಿ ವೈದ್ಯರನ್ನು ಕರೆತಂದಳು. ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳು ಇಳಿದಿದ್ದವು. ಅಷ್ಟರಲ್ಲಿ ಐದು ಸಲ ಮಾತ್ರೆ ಕೊಟ್ಟಾಗಿತ್ತು, ಅವುಗಳಲ್ಲಿ ಸಲ್ಲಬೇಕಾದುದು ಭಾನುವಾರದ್ದೊಂದೇ. ಔಷಧವನ್ನು ನಿಲ್ಲಿಸಿ, ಅದರ ಹಾನಿಯನ್ನು ತಡೆಯುವ ಫೋಲಿನಿಕ್ ಆಮ್ಲದ ಚುಚ್ಚುಮದ್ದು ಕೊಟ್ಟರು. ಇನ್ನೂ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಅಕ್ಕ ಮನೆಗೆ ಬಂದಳು. ಈಗ ಎಂಬತ್ತೊಂಬತ್ತು ನಡೆಯುತ್ತಿದೆ. ಮಾತ್ರೆಯ ಡಬ್ಬಿಯ ಮೇಲೆ ಸೊಸೆ ಕೆಂಪು ಶಾಯಿಯಲ್ಲಿ "ಭಾನುವಾರ ಮಾತ್ರ" ಎಂದು ಬರೆದಿದ್ದಾಳೆ.

ನನಗೆ ಹೆಚ್ಚು ನೋವಾದುದು ಅದರ ಮುಂದಿನ ಭಾಗದಿಂದ. ಅಕ್ಕನ ಮಗ ಸಹಜವಾಗಿಯೇ ಕೆಂಡವಾಗಿದ್ದ. "ಮಾವ, ಆ ನರ್ಸನ್ನ ಮೊದಲು ಮನೆಗೆ ಕಳಿಸಬೇಕು" ಎಂದು ಹಟಹಿಡಿದ. ಆಡಳಿತದವರು ಹಾಗೆಯೇ ಮಾಡಿದರು. ತಪ್ಪಾಗಿ ಬರೆದುಕೊಂಡವಳು ಅವಳಲ್ಲ, ಪಟ್ಟಿಯಲ್ಲಿದ್ದುದನ್ನು ಕೊಟ್ಟವಳು ಮಾತ್ರ. ಎರಡು ದಿನಗಳಲ್ಲಿ ಆಕೆ ಕಾಣದಾದಳು. ನಮ್ಮ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿ ಬಂದಿತು. ವಿಷಯ ಮುಗಿಯಿತೆಂದರು. ಹೊರಡುವ ದಿನ ಕಾರಿಡಾರಿನಲ್ಲಿ ಆ ತರಬೇತಿಯ ಹುಡುಗಿ ಸಿಕ್ಕಾಗ ನಾನು ಕೃತಜ್ಞತೆ ಹೇಳಿದೆ. ಅವಳು ಅತ್ತಿತ್ತ ನೋಡಿ, "ಸರ್, ಹೋದ ವರ್ಷ ಇನ್ನೊಂದು ವಾರ್ಡಲ್ಲೂ ಇದೇ ಮಾತ್ರೆಯಲ್ಲಿ ಹೀಗೇ ಆಗಿತ್ತಂತೆ. ಫಾರಂ ಇದೆ, ಯಾರೂ ತುಂಬಲ್ಲ. ತುಂಬಿದರೆ ತುಂಬಿದವರ ಹೆಸರೇ ಮೊದಲು ಬರುತ್ತೆ" ಎಂದಳು.

ಆ ಫಾರಂ ಒಂದನ್ನು ಹಿಂದಿನ ವರ್ಷ ಯಾರಾದರೂ ತುಂಬಿದ್ದರೆ, ಈ ಮಾತ್ರೆಗೆ ಸಂಕ್ಷೇಪ ಬಳಸಬಾರದು, ವಾರದ ದಿನದ ಹೆಸರನ್ನೇ ಬರೆಯಬೇಕು ಎಂಬ ಒಂದು ಸಾಲಿನ ಸೂಚನೆ ಹೊರಡುತ್ತಿತ್ತು. ಆಡಳಿತಾಧಿಕಾರಿಗಳಿಗೆ ನಾನು ಇದನ್ನೇ ಎರಡು ಪುಟಗಳ ಪತ್ರದಲ್ಲಿ ಬರೆದೆ, ಆ ದಾದಿಯನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದೂ ಕೇಳಿದೆ. ಬಂದ ಉತ್ತರದಲ್ಲಿ ಅಕ್ಕನ ಶೀಘ್ರ ಚೇತರಿಕೆಗೆ ಹಾರೈಕೆಯಿತ್ತು. ಬೇರೇನೂ ಇರಲಿಲ್ಲ.

ಶಿಕ್ಷೆಯ ಭಯ ಏನು ಮಾಡುತ್ತದೆಂಬುದಕ್ಕೆ ಇತ್ತೀಚಿನ ದೊಡ್ಡ ಉದಾಹರಣೆ ಅಮೆರಿಕದ ನ್ಯಾಶ್‌ವಿಲ್ ನಗರದ ವಾಂಡರ್‌ಬಿಲ್ಟ್ ಆಸ್ಪತ್ರೆಯದು. 2017ರ ಡಿಸೆಂಬರಿನಲ್ಲಿ ರಡಾಂಡಾ ವಾಟ್ ಎಂಬ ದಾದಿ, ಸ್ಕ್ಯಾನಿಗೆ ಹೋಗುವ ವೃದ್ಧೆಯೊಬ್ಬರಿಗೆ ಮನಸ್ಸನ್ನು ಶಾಂತಗೊಳಿಸುವ ವರ್ಸೆಡ್ ಔಷಧವನ್ನು ತೆಗೆಯಲೆಂದು ಔಷಧದ ಯಂತ್ರಕಪಾಟಿನಲ್ಲಿ ಹೆಸರಿನ ಮೊದಲೆರಡು ಅಕ್ಷರಗಳನ್ನು ಒತ್ತಿದರು. ಯಂತ್ರದಿಂದ ಹೊರಬಂದುದು ಅವೇ ಅಕ್ಷರಗಳಿಂದ ಆರಂಭವಾಗುವ ವೆಕ್ಯುರೋನಿಯಮ್. ಅದು ಸ್ನಾಯುಗಳನ್ನೆಲ್ಲ ನಿಶ್ಚೇಷ್ಟಗೊಳಿಸುವ, ಉಸಿರಾಟವನ್ನೇ ನಿಲ್ಲಿಸುವ ಔಷಧ. ಎಚ್ಚರಿಕೆಗಳನ್ನು ಆಕೆ ದಾಟಿಹೋದುದೂ ನಿಜ. ರೋಗಿ ತೀರಿಕೊಂಡರು. ಆದುದನ್ನು ತಿಳಿದೊಡನೆ ಆಕೆ ತಾನಾಗಿ ಹೇಳಿದರು. 2022ರಲ್ಲಿ ನ್ಯಾಯಾಲಯ ಆಕೆಯನ್ನು ಅಪರಾಧಿಯೆಂದು ನಿರ್ಣಯಿಸಿ, ಸೆರೆಮನೆಗೆ ಕಳುಹಿಸದೆ ಮೂರು ವರ್ಷ ನಿಗಾದಲ್ಲಿರಿಸಿತು. ಇನ್ನು ಮುಂದೆ ಯಾರು ತಾನೇ ಬಾಯಿ ಬಿಡುತ್ತಾರೆಂದು ಆ ದೇಶದ ದಾದಿಯರು ಬೀದಿಗಿಳಿದು ಕೇಳಿದರು. ಸತ್ತವರ ಮನೆಯವರ ದುಃಖವನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೂ ದಾದಿಯರ ಪ್ರಶ್ನೆಗೆ ಉತ್ತರ ಬೇಕು.

ವಿಮಾನಯಾನದವರು ಈ ಪ್ರಶ್ನೆಯನ್ನು ಬಹಳ ಮೊದಲೇ ಎದುರಿಸಿದರು. ಅಮೆರಿಕದಲ್ಲಿ 1976ರಿಂದ ಪೈಲಟ್ಟುಗಳು ತಮ್ಮ ಎಡವಟ್ಟುಗಳನ್ನು ಗೋಪ್ಯವಾಗಿ ತಿಳಿಸಬಹುದಾದ ವ್ಯವಸ್ಥೆಯಿದೆ. ಅದನ್ನು ನಡೆಸುವುದು ಶಿಕ್ಷಿಸುವ ಇಲಾಖೆಯಲ್ಲ, ನಾಸಾ ಸಂಸ್ಥೆ. ಹೆಚ್ಚು ವರದಿ ಬರುವ ಆಸ್ಪತ್ರೆಯೇ ಕೆಟ್ಟ ಆಸ್ಪತ್ರೆ ಎಂದು ಪತ್ರಿಕೆ ಓದುವ ನಮಗೆ ತೋರುತ್ತದೆ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ನಿಂತವನಿಗೆ ಹಾಗೆ ತೋರುವುದಿಲ್ಲ. "ಯಾರಿಗಾದರೂ ಅರ್ಥವಾಗಿಲ್ಲವೇ?" ಎಂದಾಗ ಒಂದು ಕೈಯೂ ಏಳದ ತರಗತಿ ಎಲ್ಲವನ್ನೂ ತಿಳಿದ ತರಗತಿಯಲ್ಲ, ಹಿಂದಿನ ಪಿರಿಯಡ್ಡಿನಲ್ಲಿ ಕೈಯೆತ್ತಿದವನಿಗೆ ಏಟು ಬಿದ್ದಿರುವ ತರಗತಿ.

ಎರಡನೆಯವರಿಂದ ಪರೀಕ್ಷಿಸುವ ಪದ್ಧತಿ ಆಸ್ಪತ್ರೆಗಳಲ್ಲಿದೆ. ಇನ್ಸುಲಿನ್, ಹೆಪಾರಿನ್, ಕ್ಯಾನ್ಸರ್ ಔಷಧಗಳಂತಹ ಅಪಾಯದ ಔಷಧಗಳನ್ನು ಇಬ್ಬರು ನೋಡಿ ಸಹಿ ಹಾಕಬೇಕು. ಇದರಲ್ಲಿಯೂ ಒಂದು ಮರ್ಮವಿದೆ. ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಶಿಬಿರಗಳಿಗೆ ಹೋಗುತ್ತಿದ್ದಾಗ ನಮ್ಮ ತಂಡದಲ್ಲಿ ಹಿರಿಯರೊಬ್ಬರಿದ್ದರು. ಅಂಕಗಳನ್ನು ಮತ್ತೊಮ್ಮೆ ಕೂಡುವಾಗ ಅವರು ಮೊದಲಿನವರು ಬರೆದ ಮೊತ್ತದ ಮೇಲೆ ಅಂಚೆಕಾರ್ಡೊಂದನ್ನಿಟ್ಟು ಮುಚ್ಚಿಬಿಡುತ್ತಿದ್ದರು. "ಉತ್ತರ ಕಂಡರೆ ಕಣ್ಣು ಅಲ್ಲಿಗೇ ಕೂಡಿಸುತ್ತೆ ಮೇಷ್ಟ್ರೇ" ಎನ್ನುತ್ತಿದ್ದರು. ಔಷಧದಲ್ಲೂ ಎರಡನೆಯವರು ಮೊದಲಿನವರ ಲೆಕ್ಕವನ್ನು ನೋಡದೆಯೇ ಪ್ರಮಾಣವನ್ನು ಸ್ವತಃ ಲೆಕ್ಕಹಾಕಬೇಕೆಂದು ಈ ವಿಷಯ ಬಲ್ಲವರು ಹೇಳುತ್ತಾರೆ. ಗೆಳೆತನದಲ್ಲಿ ಹಾಕುವ ಎರಡನೆಯ ಸಹಿ ಇಲ್ಲದಿರುವುದೇ ಮೇಲು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇಂತಹ ರಕ್ಷಣೆಗಳನ್ನು ಸ್ವಿಸ್ ಚೀಸಿನ ಚೂರುಗಳಿಗೆ ಹೋಲಿಸಿದರು. ಪ್ರತಿ ಚೂರಿನಲ್ಲೂ ತೂತುಗಳಿವೆ, ತೂತುಗಳೆಲ್ಲ ಒಂದೇ ಸಾಲಿಗೆ ಬಂದ ದಿನ ಅನಾಹುತ ಒಳಗೆ ನುಗ್ಗುತ್ತದೆ. ಆ ಚೀಸನ್ನು ನಾನು ತಿಂದಿಲ್ಲ. ಪುತ್ತೂರಿನ ಕಡೆಯಿಂದ ಬಂದ ನನ್ನ ಸೊಸೆ ಮಾಡುವ ನೀರುದೋಸೆ ಸಾಕು. ಒಂದರ ಮೇಲೊಂದು ನಾಲ್ಕನ್ನು ಪೇರಿಸಿದರೆ ಎಲೆ ಕಾಣಿಸುವುದಿಲ್ಲ. ಅಕ್ಕನ ವಿಷಯದಲ್ಲಿ ಮೂರು ದೋಸೆಗಳ ತೂತು ಒಂದೇ ಕಡೆ ಬಂದಿದ್ದವು, ನಾಲ್ಕನೆಯದಾಗಿ ಆ ಹುಡುಗಿ ಇದ್ದಳು.

ಅಂತಹ ಹುಡುಗಿಯರು ಬಂದುದಾದರೂ ಎಲ್ಲಿಂದ ಎಂದು ವಿಚಾರಿಸಿದೆ. ಔಷಧ ತಯಾರಿಸುವುದನ್ನು ಮಾತ್ರವಲ್ಲ, ವಾರ್ಡಿಗೆ ಬಂದು ರೋಗಿಯ ಔಷಧಗಳನ್ನು ಪರಿಶೀಲಿಸುವುದನ್ನೂ ಕಲಿಸುವ ಶಿಕ್ಷಣ ನಮ್ಮ ದೇಶದಲ್ಲಿ ಮೊದಲು ಬೇರೂರಿದ ಕಡೆಗಳಲ್ಲಿ ನಮ್ಮ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜೂ ಒಂದು, ಅದು 1990ರ ದಶಕದ ಮಾತು. ಆರು ವರ್ಷಗಳ ಫಾರ್ಮ್-ಡಿ ವ್ಯಾಸಂಗ 2008ರಲ್ಲಿ ಬಂದಿತು. ಔಷಧಗಳ ಅಡ್ಡಪರಿಣಾಮಗಳನ್ನು ದೇಶದಾದ್ಯಂತ ಸಂಗ್ರಹಿಸುವ ಕಾರ್ಯಕ್ರಮ 2010ರಲ್ಲಿ ಆರಂಭವಾಗಿ, ಮರುವರ್ಷದಿಂದ ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗದಲ್ಲಿ ನೆಲೆಗೊಂಡಿದೆ. ಅದರ ಶುಲ್ಕರಹಿತ ದೂರವಾಣಿ 1800-180-3024. ಔಷಧ ತೆಗೆದುಕೊಂಡು ತೊಂದರೆಯಾದ ಸಾಮಾನ್ಯರೂ ಕೆಲಸದ ದಿನಗಳಲ್ಲಿ ಕರೆಮಾಡಿ ತಿಳಿಸಬಹುದು. ಆದರೂ ಪದವಿ ಪಡೆದ ಈ ಮಕ್ಕಳಲ್ಲಿ ಹಲವರಿಗೆ ವಾರ್ಡಿನಲ್ಲಿ ಕೆಲಸ ಸಿಗದೆ ಬೇರೆ ಕಡೆಗೆ ಹೋಗುತ್ತಿದ್ದಾರೆಂದು ಕೇಳಿ ಬೇಸರವಾಯಿತು. ಗೋಡೆಯ ಮೇಲೆ "ಎಚ್ಚರದಿಂದಿರಿ" ಎಂದು ಫಲಕ ಹಾಕುವುದು ಅಗ್ಗ, ಒಬ್ಬರನ್ನು ನೇಮಿಸುವುದು ದುಬಾರಿ.

ಬಂಧುಗಳಿಗೆ ಒಂದು ಮಾತು. ರೋಗಿಯ ಜೊತೆಗಿರುವಾಗ ಮನೆಯಲ್ಲಿ ತೆಗೆದುಕೊಳ್ಳುವ ಔಷಧಗಳ ಚೀಟಿಯನ್ನಷ್ಟೇ ಅಲ್ಲ, ಪಟ್ಟಿಗಳನ್ನೂ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಕೊಂಡೊಯ್ಯಿರಿ. ಯಾವುದು ಎಂದು, ಎಷ್ಟು ಸಲ ಎಂಬುದನ್ನು ಪೂರ್ಣ ಪದಗಳಲ್ಲಿ ಬರೆದಿಡಿ. ಹೊಸ ಬಣ್ಣದ ಮಾತ್ರೆ ಬಂದರೆ ಇದೇನೆಂದು ಮರ್ಯಾದೆಯಿಂದ ಕೇಳಿ. ಆದರೆ ದಾದಿ ಔಷಧವನ್ನು ಅಳೆಯುತ್ತಿರುವಾಗ ಮಾತ್ರ ಕೇಳಬೇಡಿ. ಪಕ್ಕದ ಹಾಸಿಗೆಯಿಂದ "ಸಿಸ್ಟರ್, ಫ್ಯಾನು!", ಈ ಕಡೆಯಿಂದ "ಸಿಸ್ಟರ್, ಡ್ರಿಪ್ಪು!" ಎಂದು ಕೂಗುವವರ ನಡುವೆ ಆಕೆ ಬಿಂದುವನ್ನೂ ಸೊನ್ನೆಯನ್ನೂ ನೆನಪಿಡಬೇಕಾಗಿರುತ್ತದೆ. ಕೆಲವು ದೇಶಗಳಲ್ಲಿ ಔಷಧ ಹಂಚುವ ಹೊತ್ತಿನಲ್ಲಿ ದಾದಿಯರು ತಮ್ಮನ್ನು ಮಾತನಾಡಿಸಬೇಡಿರೆಂದು ಬರೆದ ಮೇಲಂಗಿಯನ್ನೇ ತೊಡುತ್ತಾರೆ.

ನನ್ನ ಶಿಷ್ಯರಲ್ಲಿ ವೈದ್ಯರು, ದಾದಿಯರು, ಔಷಧಾಲಯ ನಡೆಸುವವರು ಎಲ್ಲರೂ ಇದ್ದೀರಿ. ಒಂದಿಬ್ಬರು ಆಸ್ಪತ್ರೆಗಳ ಆಡಳಿತದಲ್ಲೂ ಇದ್ದೀರಿ. ನೀವು ಕೆಲಸ ಮಾಡುವಲ್ಲಿ ಆ ಫಾರಂ ಇದೆಯೇ, ಅದನ್ನು ತುಂಬುವಾಗ ಹೆಸರು ಬರೆಯಲೇಬೇಕೇ, ಕಳೆದ ವರ್ಷ ಎಷ್ಟು ತುಂಬಿದರು, ತುಂಬಿದ ಮೇಲೆ ಏನಾದರೂ ಬದಲಾಯಿತೇ ಎಂದು ನನಗೆ ತಿಳಿಸುವಿರಾ? ಆಸ್ಪತ್ರೆಯ ಹೆಸರು ಬೇಡ. ಬಂದ ಉತ್ತರಗಳನ್ನು ಹೆಸರಿಲ್ಲದೆಯೇ ಮುಂದಿನ ಬರಹದಲ್ಲಿ ಹಂಚಿಕೊಳ್ಳುತ್ತೇನೆ. ಕೈಬರಹದಲ್ಲಿ ಬರೆದು ಚಿತ್ರ ತೆಗೆದು ಕಳುಹಿಸುವುದಾದರೆ, ಆ ಇಬ್ಬರು ಡಾಕ್ಟರರು ದಯವಿಟ್ಟು ಟೈಪ್ ಮಾಡಿಯೇ ಕಳುಹಿಸಿ.